ಸಕ್ಕರೆ ಬೇರೆ, ಕಾಫಿ ಬೇರೆ: ದೂರದ ಸೈಕಲ್ ಸವಾರಿಗೆ ಜೆಲ್ ಮೇಲೋ ಪಾನಕ ಮೇಲೋ

ದೂರದ ಸೈಕಲ್ ಸವಾರಿಗೆ ನನ್ನ ಆಯ್ಕೆ ಎರಡೇ: ಬಾಟಲಿಯಲ್ಲಿ ಸಕ್ಕರೆ, ಉಪ್ಪು, ನಿಂಬೆರಸದ ಪಾನಕ, ಲೋಟದಲ್ಲಿ ಫಿಲ್ಟರ್ ಕಾಫಿ. ಈ ತೀರ್ಮಾನಕ್ಕೆ ನನ್ನನ್ನು ತಂದದ್ದು ರಿಯಾಯಿತಿ ದರದಲ್ಲಿ ತರಿಸಿಕೊಂಡ ಒಂದು ಪೆಟ್ಟಿಗೆ ಕೆಫೀನ್ ಜೆಲ್, ಅಂದರೆ ಕಾಫಿಯಲ್ಲಿರುವ ಕೆಫೀನನ್ನು ಬೆರೆಸಿದ, ಪೊಟ್ಟಣದಿಂದ ಬಾಯಿಗೆ ಹಿಂಡಿಕೊಳ್ಳುವ ಸಕ್ಕರೆಯ ಪಾಕ. ಪೆಟ್ಟಿಗೆ ಖಾಲಿಯಾಗುವವರೆಗೂ ಅದನ್ನು ಬಳಸಿದ್ದೇನೆ. ಅದರ ಜೊತೆಜೊತೆಗೇ ಕಡಲೆ ಮಿಠಾಯಿ, ಬಾಳೆಹಣ್ಣು, ಖರ್ಜೂರ, ಓಆರ್‌ಎಸ್, ಕೋಲಾ ಎಲ್ಲವನ್ನೂ ಪರೀಕ್ಷಿಸಿದ್ದೇನೆ.

ನಾನು ಓಡಿಸುವುದು ಬ್ರೆವೆ ಮಾದರಿಯ ಸವಾರಿಗಳನ್ನು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಗಡುವು. ಇಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಎಂಬುದಿಲ್ಲ. ಗಡುವಿನೊಳಗೆ ಮುಗಿಸಿದವರೆಲ್ಲರೂ ಸಮಾನರು. ನನ್ನ ವೇಗ ಸಾಧಾರಣ, ನಿಲುಗಡೆಗಳನ್ನು ಬಿಟ್ಟರೆ ಗಂಟೆಗೆ 20 ಕಿ.ಮೀ. ಆಸುಪಾಸು. ಇಷ್ಟು ಹೊತ್ತು ಸೀಟಿನ ಮೇಲೆ ಕೂರುವವನಿಗೆ ಕಾಲಿನ ಬಲದಷ್ಟೇ ಹೊಟ್ಟೆಯ ಸಹಕಾರವೂ ಬೇಕು.

ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ದೇಹ ಕೂಡಿಟ್ಟುಕೊಳ್ಳುವ ಸಕ್ಕರೆ ಸುಮಾರು 400ರಿಂದ 500 ಗ್ರಾಂ. ಜೋರಾಗಿ ತುಳಿದರೆ ಎರಡು ಗಂಟೆಯೊಳಗೆ ಅದು ತಳ ಕಾಣುತ್ತದೆ. ಆಮೇಲೆ ದಾರಿಯಲ್ಲಿ ಏನು ಸೇವಿಸುತ್ತೀರೋ ಅದರ ಮೇಲೆಯೇ ಗಾಲಿ ತಿರುಗಬೇಕು. ಆದರೆ ಕರುಳಿಗೂ ಒಂದು ಮಿತಿಯಿದೆ. ಬರೀ ಗ್ಲೂಕೋಸನ್ನು ಅದು ಗಂಟೆಗೆ ಹೆಚ್ಚೆಂದರೆ 60 ಗ್ರಾಂ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಫ್ರಕ್ಟೋಸ್ ಎಂಬ ಇನ್ನೊಂದು ಬಗೆಯ ಸಕ್ಕರೆ ಬೇರೆ ಬಾಗಿಲಿನಿಂದ ಒಳಹೋಗುವುದರಿಂದ, ಎರಡೂ ಬೆರೆತಿದ್ದರೆ ಅಭ್ಯಾಸವಿರುವ ಹೊಟ್ಟೆ 90 ಗ್ರಾಂವರೆಗೂ ತಾಳಿಕೊಳ್ಳುತ್ತದೆ. ದುಬಾರಿ ಜೆಲ್‌ಗಳ ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿಕೊಂಡಿರುವುದು ಇದೇ ಮಿಶ್ರಣವನ್ನು. ನಮ್ಮ ಅಡುಗೆಮನೆಯ ಸಕ್ಕರೆಯ ಒಂದೊಂದು ಕಣವೂ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಅದನ್ನು ತಿಳಿದ ಮೇಲೆ ಡಬ್ಬದಲ್ಲಿದ್ದ ಸಕ್ಕರೆಯ ಮೇಲೆ ನನಗೆ ಹೊಸ ಗೌರವ ಮೂಡಿತು.

ಈಗ ಜೆಲ್‌ನ ತಕರಾರಿಗೆ ಬರುತ್ತೇನೆ. ರುಚಿಯ ಬಗ್ಗೆ ದೂರಿಲ್ಲ, ಹೊಟ್ಟೆಯೂ ಕೆಡಲಿಲ್ಲ. ತೊಂದರೆ ಇದ್ದದ್ದು ಲೆಕ್ಕದಲ್ಲಿ. ಸಕ್ಕರೆ ಬೇಕಾಗುವುದು ಅರ್ಧ ಗಂಟೆಗೊಮ್ಮೆ. ಕೆಫೀನ್ ಬೇಕಾಗುವುದು ಇಡೀ ದಿನದಲ್ಲಿ ಎರಡು ಅಥವಾ ಮೂರು ಸಲ. ಕೆಫೀನ್ ಜೆಲ್ ಈ ಎರಡನ್ನೂ ಒಂದೇ ಪೊಟ್ಟಣದಲ್ಲಿ ಗಂಟುಹಾಕಿಬಿಡುತ್ತದೆ. ನನ್ನ ಪೆಟ್ಟಿಗೆಯ ಪ್ರತಿ ಪೊಟ್ಟಣದಲ್ಲೂ 25 ಗ್ರಾಂ ಕಾರ್ಬೊಹೈಡ್ರೇಟ್, 50 ಮಿ.ಗ್ರಾಂ ಕೆಫೀನ್. ಗಂಟೆಗೆ ಎರಡು ಹಿಂಡಿಕೊಂಡರೆ ಸಕ್ಕರೆಯ ಲೆಕ್ಕ ಸರಿಹೋಗುತ್ತದೆ, ಆದರೆ ನಾಲ್ಕೇ ಗಂಟೆಯಲ್ಲಿ 400 ಮಿ.ಗ್ರಾಂ ಕೆಫೀನ್ ಒಳಗೆ ಹೋಗಿರುತ್ತದೆ. ಆರೋಗ್ಯವಂತ ವಯಸ್ಕರಿಗೆ ಇಡೀ ದಿನಕ್ಕೆ ಅಷ್ಟು ಸಾಕು ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ ಹಾಕಿರುವ ಗೆರೆ ಅದು. ಅಷ್ಟು ಹೊತ್ತಿಗೆ ನಾನು ತಲುಪಿರುವುದು 80 ಕಿ.ಮೀ. 200ರ ಸವಾರಿಯಲ್ಲೂ ಇನ್ನೂ 120 ಬಾಕಿ.

ಹಾಗಾದರೆ ಕೆಫೀನ್ ಇರುವುದು, ಇಲ್ಲದ್ದು ಎರಡನ್ನೂ ಒಯ್ಯಿರಿ ಎನ್ನುತ್ತಾರೆ. ಒಯ್ದೆ. ಶಿರಾ ದಾಟಿ ಹಿರಿಯೂರಿನ ಕಡೆಗೆ ರಾತ್ರಿ ಹೋಗುವಾಗ, ಬೆನ್ನಿನ ಜೇಬಿಗೆ ಕೈ ಹಾಕಿ ತಡಕಾಡಿದರೆ ಎರಡೂ ಒಂದೇ ಅಳತೆ, ಒಂದೇ ನುಣುಪು. ಕೆಫೀನ್ ಎಂಬ ಪದ ಇರುವುದು ಪೊಟ್ಟಣದ ಹಿಂಬದಿಯಲ್ಲಿ, ಸಾಸಿವೆಗಾತ್ರದ ಅಕ್ಷರದಲ್ಲಿ. ಅದನ್ನು ಓದಲು ಹೆದ್ದಾರಿಯ ಅಂಚಿನಲ್ಲಿ ನಿಂತು ಹೆಲ್ಮೆಟ್ಟಿನ ದೀಪ ಹಾಕಿಕೊಳ್ಳಬೇಕು, ಪಕ್ಕದಲ್ಲೇ ಲಾರಿಗಳು ಗಾಳಿ ಎಬ್ಬಿಸಿಕೊಂಡು ಹೋಗುತ್ತಿರುತ್ತವೆ. ಎಡ ಜೇಬಿಗೆ ಒಂದು, ಬಲ ಜೇಬಿಗೆ ಇನ್ನೊಂದು ಎಂದು ವಿಂಗಡಿಸಿದರೆ ಮಳೆ ಅಂಗಿ ತೆಗೆದು ಹಾಕುವ ಹೊತ್ತಿಗೆ ಎಲ್ಲ ಕಲಸಿಹೋಗುತ್ತದೆ. ಕೆಫೀನಿನದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದೆ. ಬೆವರಿನ ಜೇಬಿನಲ್ಲಿ ಅದು ಜಾರಿ ಅಡಿಗೆ ಸೇರಿತು.

ಕೆಫೀನ್ ಗುರುತು ಹಿಡಿಯುವುದು ಇಷ್ಟು ಮುಖ್ಯವೇ ಎಂದು ಕೇಳಬಹುದು. 600 ಕಿ.ಮೀ. ಸವಾರಿಯಲ್ಲಿ ಮುಖ್ಯವೇ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೊರಹೋಗಲು ಸಾಮಾನ್ಯವಾಗಿ ಐದು ಗಂಟೆ ಬೇಕು; ಕೆಲವರಿಗೆ ಇನ್ನೂ ಹೆಚ್ಚು. ರಾತ್ರಿ ಹತ್ತಕ್ಕೆ ಸಾದಾ ಎಂದುಕೊಂಡು ಹಿಂಡಿಕೊಂಡದ್ದು ಕೆಫೀನಿನದಾಗಿದ್ದರೆ, ಹನ್ನೊಂದಕ್ಕೆ ಲಾಡ್ಜಿನ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತಾ ಮಲಗಿರಬೇಕಾಗುತ್ತದೆ. 40 ಗಂಟೆಯಲ್ಲಿ ನಿದ್ದೆಗೆಂದು ಉಳಿಸಿಕೊಂಡ ಎರಡು ಗಂಟೆ ಹಾಗೆ ಕೈಬಿಟ್ಟುಹೋದರೆ, ಮರುದಿನ ಬಿಸಿಲಿನಲ್ಲಿ ಚಿತ್ರದುರ್ಗದ ಎದುರುಗಾಳಿಗೆ ಅದರ ದಂಡ ತೆರಬೇಕು. ಈ ಒಂದು ಕಾರಣಕ್ಕೇ ಸಕ್ಕರೆಯನ್ನೂ ಕೆಫೀನನ್ನೂ ಬೇರೆ ಮಾಡಿದೆ.

ಜೆಲ್‌ನ ಉಳಿದ ತೊಂದರೆಗಳು ಚಿಕ್ಕವು. ಹಲ್ಲಿನಿಂದ ಹರಿದ ಪೊಟ್ಟಣದ ತುದಿ ರಸ್ತೆಗೆ ಬೀಳುತ್ತದೆ, ಅದು ನನಗೆ ಸಹಿಸದು. ಖಾಲಿ ಪೊಟ್ಟಣದ ಅಂಟು ಜೇಬಿಗೆಲ್ಲ ಹತ್ತುತ್ತದೆ. ಗಟ್ಟಿ ಜೆಲ್ ಆದರೆ ಹಿಂದೆಯೇ ನೀರು ಕುಡಿಯಲೇಬೇಕು.

ಪಾನಕದ ಲೆಕ್ಕ ಸರಳ. 750 ಮಿ.ಲೀ. ಬಾಟಲಿಗೆ 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಗಂಟೆಗೆ ಒಂದು ಬಾಟಲಿ, ಗುಟುಕು ಗುಟುಕಾಗಿ. ಚಳಿಯ ಮುಂಜಾನೆ ಅಷ್ಟು ನೀರು ಹೋಗುವುದಿಲ್ಲ, ಆಗ ಒಂದೂವರೆ ಗಂಟೆ ತೆಗೆದುಕೊಂಡರೂ ಚಿಂತೆಯಿಲ್ಲ. ಎರಡನೇ ಬಾಟಲಿಯಲ್ಲಿ ಬರೀ ನೀರು ಇರಲೇಬೇಕು; ಸಿಹಿಯಾದ ಬಾಯಿ ತೊಳೆಯಲು, ಬಿಸಿಲೇರಿದಾಗ ತಲೆಗೆ ಸುರಿದುಕೊಳ್ಳಲು.

ರಾಮನವಮಿಯ ಪಾನಕದಂತೆ ಬೆಲ್ಲ, ಏಲಕ್ಕಿ, ಶುಂಠಿ ಹಾಕಿಯೂ ನೋಡಿದ್ದೇನೆ. ರುಚಿಗೆ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಆದರೆ ಮುಂಜಾನೆ ತುಂಬಿಸಿದ ಬೆಲ್ಲದ ಪಾನಕ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನಕ್ಕೆ ಹುಳಿಯುತ್ತದೆ. ಬಾಟಲಿಯ ಮೂತಿ ಎಳೆದರೆ ಬುಸ್ಸೆಂದು ಗಾಳಿ ಬಂದು ಮೂಗಿಗೆ ಹುಳಿ ವಾಸನೆ ಬಡಿಯುತ್ತದೆ. ಅದಕ್ಕೇ ಸಕ್ಕರೆಗೆ ಬದಲಾದೆ. ಈಗ ಸಕ್ಕರೆ ಮತ್ತು ಉಪ್ಪನ್ನು ಅಳೆದು ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಚೀಲಗಳಲ್ಲಿ ನೀರು ಬೆರೆಸದೆ ಒಣದಾಗಿಯೇ ಕಟ್ಟಿಕೊಳ್ಳುತ್ತೇನೆ. ಎಲ್ಲಿ ನೀರು ಸಿಗುತ್ತದೆಯೋ ಅಲ್ಲಿ ಒಂದು ಚೀಲ ಸುರಿದು ಕುಲುಕಿದರೆ ಆಯಿತು, ನಿಂಬೆಹಣ್ಣು ಎಂಥ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಮನೆಗೆ ಬಂದ ದಿನವೇ ಬಾಟಲಿಯ ಮೂತಿಯನ್ನು ಬಿಚ್ಚಿ ಬಿಸಿನೀರಿನಲ್ಲಿ ಉಜ್ಜಬೇಕು. ಒಂದು ರಾತ್ರಿ ಬಿಟ್ಟರೂ ಇರುವೆ, ಒಂದು ವಾರ ಬಿಟ್ಟರೆ ಕಪ್ಪು ಬೂಷ್ಟು.

ಕಡಲೆ ಮಿಠಾಯಿ ನನಗೆ ಬಹಳ ಇಷ್ಟ, ಆದರೆ ಮೊದಲ ನೂರು ಕಿ.ಮೀ.ಗೆ ಮಾತ್ರ. ಕಡಲೆಕಾಯಿಯಲ್ಲಿ ಅರ್ಧದಷ್ಟು ಕೊಬ್ಬು. ಅದು ನಿಧಾನವಾಗಿ ಕರಗುತ್ತದೆ, ಏರಿನಲ್ಲಿ ಹೊಟ್ಟೆಯಲ್ಲಿ ಕೂತೇ ಇರುತ್ತದೆ. ಬಾಯಿ ಒಣಗಿದ ಮಧ್ಯಾಹ್ನ ಅಗಿಯುವುದೇ ಒಂದು ಕೆಲಸ.

ಪಚ್ಚಬಾಳೆ ಒಂದಕ್ಕೆ 25 ಗ್ರಾಂ ಮೇಲೆಯೇ ಕಾರ್ಬೊಹೈಡ್ರೇಟ್. ಕೊಂಡಲ್ಲೇ ತಿನ್ನಿ, ಜೇಬಿನಲ್ಲಿ ಜಜ್ಜಿಹೋಗುತ್ತದೆ. ಖರ್ಜೂರ ರಾತ್ರಿಗೆ ಒಳ್ಳೆಯದು, ಬೀಜ ತೆಗೆದಿಟ್ಟುಕೊಂಡಿದ್ದರೆ.

300 ಕಿ.ಮೀ. ದಾಟುವ ಸವಾರಿಗೆ ಬರೀ ಸಿಹಿ ಸಾಲದು. ಮಧ್ಯಾಹ್ನಕ್ಕೆ ಮೊಸರನ್ನ, ಉಪ್ಪಿನಕಾಯಿ. ಬೆಳಿಗ್ಗೆ ಕ್ಯಾತಸಂದ್ರದಲ್ಲಿ ಒಂದು ತಟ್ಟೆ ಇಡ್ಲಿ. ಎಣ್ಣೆಯಲ್ಲಿ ಕರಿದದ್ದನ್ನು ಸವಾರಿ ಮುಗಿಯುವವರೆಗೂ ಮುಟ್ಟುವುದಿಲ್ಲ.

ಓಆರ್‌ಎಸ್ ಬಗ್ಗೆ ಒಂದು ಮಾತು, ಏಕೆಂದರೆ ಅದನ್ನು ಊಟವೆಂದು ನಂಬಿ ಕಾಲು ಸೋತು ಕೂತವರನ್ನು ಕಂಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ, ಅಡುಗೆ ಉಪ್ಪು 2.6 ಗ್ರಾಂ. ಅದು ನೀರನ್ನೂ ಉಪ್ಪನ್ನೂ ಮರಳಿ ತುಂಬಲು ಇರುವ ಔಷಧ, ಪೆಡಲ್ ತುಳಿಯಲು ಬೇಕಾದ ಇಂಧನ ಅದರಲ್ಲಿಲ್ಲ. ಬೆವರು ಒಣಗಿ ಅಂಗಿಯ ಮೇಲೆ ಬಿಳಿ ಗೆರೆ ಕಂಡ ದಿನ ಒಂದು ಪೊಟ್ಟಣ ಕುಡಿಯುತ್ತೇನೆ. ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹಾಕಿಕೊಳ್ಳುವುದನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ಅದು ಬಹಳ ಹಿಂದೆಯೇ ಆಗಬೇಕಿತ್ತು.

ಇನ್ನು ಕಾಫಿ. ಮೆದುಳಿನಲ್ಲಿ ದಣಿವಿನ ಸುದ್ದಿ ಮುಟ್ಟಿಸುವ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ದಣಿವು ಅಲ್ಲೇ ಇರುತ್ತದೆ, ಸುದ್ದಿ ಮಾತ್ರ ತಡವಾಗುತ್ತದೆ. ಇದರಿಂದ ಸಹನಶಕ್ತಿ ಹೆಚ್ಚುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. 2004ರವರೆಗೆ ಕ್ರೀಡಾಪಟುಗಳ ಮೂತ್ರದಲ್ಲಿ ಒಂದು ಮಟ್ಟಕ್ಕಿಂತ ಹೆಚ್ಚು ಕೆಫೀನ್ ಕಂಡರೆ ಅದು ನಿಷೇಧಿತವಾಗಿತ್ತು. ಸಾಮಾನ್ಯವಾಗಿ ಹೇಳುವ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 3ರಿಂದ 6 ಮಿ.ಗ್ರಾಂ. ನನಗೆ 3ರ ಲೆಕ್ಕವೇ ಸಾಕು, ಅದನ್ನೂ ಎರಡು ಪಾಲು ಮಾಡಿ.

ಫಿಲ್ಟರ್ ಕಾಫಿಯ ಕೊರತೆ ಎಂದರೆ ಲೋಟದಲ್ಲಿ ಎಷ್ಟು ಕೆಫೀನ್ ಇದೆ ಎಂದು ಯಾರೂ ಹೇಳಲಾರರು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಕಾಫಿ ಪುಡಿಯಲ್ಲಿ ಚಿಕೋರಿ 49 ಪ್ರತಿಶತದವರೆಗೂ ಇರಬಹುದೆಂದು ನಿಯಮವೇ ಒಪ್ಪುತ್ತದೆ. ಇನ್ನೊಂದು ಕಡೆ, ಕೊಡಗಿನಲ್ಲಿ ಹೇರಳವಾಗಿ ಬೆಳೆಯುವ ರೊಬಸ್ಟಾದಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಕೆಫೀನ್. ಹೆದ್ದಾರಿಯ ಹೋಟೆಲಿನ ಡಿಕಾಕ್ಷನ್ ಇವೆರಡರ ನಡುವೆ ಎಲ್ಲೋ ಇರುತ್ತದೆ. ನಾನು ‘ಸ್ಟ್ರಾಂಗ್, ಸಕ್ಕರೆ ಜಾಸ್ತಿ’ ಎಂದು ಹೇಳಿ ಬಣ್ಣ ನೋಡಿ ಅಂದಾಜು ಮಾಡುತ್ತೇನೆ. ಈ ಅಂದಾಜು ಒಂದಿಷ್ಟು ತಪ್ಪಿದರೂ ಎರಡು ಲೋಟದಲ್ಲಿ ಯಾವ ಅಪಾಯವೂ ಇಲ್ಲ, ಎಂಟು ಜೆಲ್‌ನಲ್ಲಿ ಇದೆ.

ಕಾಫಿಯ ಜೊತೆ ಬರುವ ಐದು ನಿಮಿಷದ ನಿಲುಗಡೆಯೂ ನನಗೆ ಬೇಕು. ಅಂಗೈಯ ಜೋಮು ಹೋಗುತ್ತದೆ, ಬೆನ್ನು ನೆಟ್ಟಗಾಗುತ್ತದೆ. ದಾರಿಯ ನಡುವೆ ಹಾಜರಿ ತೋರಿಸಬೇಕಾದ ಜಾಗಕ್ಕೆ ಕಂಟ್ರೋಲ್ ಎನ್ನುತ್ತಾರೆ; ಅಲ್ಲಿ ಆಯೋಜಕರು ಇಲ್ಲದಿದ್ದರೆ, ಸಮಯ ಅಚ್ಚಾದ ಹೋಟೆಲಿನ ಬಿಲ್ಲೇ ಅಲ್ಲಿಗೆ ಬಂದದ್ದಕ್ಕೆ ಸಾಕ್ಷಿ. ನಡುರಾತ್ರಿ ದಾಟಿ ಕಣ್ಣು ಎಳೆಯತೊಡಗಿದರೆ ಕಾಫಿ ಕುಡಿದು ತಕ್ಷಣ ಪೆಟ್ರೋಲ್ ಬಂಕಿನ ಜಗಲಿಯಲ್ಲಿ ಇಪ್ಪತ್ತು ನಿಮಿಷ ಮಲಗುತ್ತೇನೆ. ಕೆಫೀನ್ ರಕ್ತಕ್ಕೆ ಇಳಿಯುವ ಹೊತ್ತಿಗೆ ಅಲಾರಂ ಹೊಡೆಯುತ್ತದೆ. ಎರಡು ಕೆಲಸವೂ ಒಟ್ಟಿಗೆ ಆಗುವ ಈ ಉಪಾಯಕ್ಕೆ ಯಾವ ಜೆಲ್ಲೂ ಸಾಟಿಯಲ್ಲ. ನಿದ್ದೆ ಮಾಡಲೇಬೇಕಾದ ರಾತ್ರಿ ಇದ್ದರೆ ಸಂಜೆ ಐದರ ನಂತರ ಕಾಫಿ ಇಲ್ಲ.

ಹೋಟೆಲುಗಳೆಲ್ಲ ಮುಚ್ಚಿರುವ ದಾರಿಗೆ ಇನ್‌ಸ್ಟಂಟ್ ಕಾಫಿಯ ಒಂದೆರಡು ಚಿಕ್ಕ ಪೊಟ್ಟಣ ಇರಲಿ. ಬರೀ ನೀರಿಗೆ ಬೆರೆಸಿ ಕುಡಿದರೂ ಕೆಲಸ ಮಾಡುತ್ತದೆ, ರುಚಿ ಕೇಳಬೇಡಿ. ಕೋಲಾ ಕೊನೆಯ ಐವತ್ತು ಕಿ.ಮೀ.ಗೆ ಚೆನ್ನಾಗಿ ಒದಗುತ್ತದೆ: ಸಕ್ಕರೆ ಧಾರಾಳ, ಕೆಫೀನ್ ಸ್ವಲ್ಪ. ಎನರ್ಜಿ ಡ್ರಿಂಕ್‌ಗಳಲ್ಲಿ ಲೀಟರಿಗೆ 300 ಮಿ.ಗ್ರಾಂ ಮೀರಿ ಕೆಫೀನ್ ಇರುವಂತಿಲ್ಲ, ಅಂದರೆ 250 ಮಿ.ಲೀ.ಗೆ ಹೆಚ್ಚೆಂದರೆ 75; ಒಂದು ಒಳ್ಳೆಯ ಕಾಫಿಯಷ್ಟೇ. 200 ಮಿ.ಗ್ರಾಂ ಕೆಫೀನ್ ಮಾತ್ರೆ ಅಗ್ಗ, ಅಳತೆ ನಿಖರ, ಆದರೆ ಖಾಲಿ ಹೊಟ್ಟೆಯಲ್ಲಿ ನನಗೆ ಎದೆ ಬಡಿತ ತರುತ್ತದೆ. ಹೃದಯ ಅಥವಾ ರಕ್ತದೊತ್ತಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದಾವುದಕ್ಕೂ ಕೈ ಹಾಕಬಾರದು.

ಖರ್ಚಿನ ಮಾತು. ಹತ್ತು ಗಂಟೆಯ ಸವಾರಿಗೆ ಹತ್ತು ಬಾಟಲಿ ಪಾನಕ ಎಂದರೆ 600 ಗ್ರಾಂ ಸಕ್ಕರೆ, ಐದು ನಿಂಬೆಹಣ್ಣು. ಎರಡು ಕಾಫಿ, ನಾಲ್ಕು ಬಾಳೆಹಣ್ಣು ಸೇರಿಸಿದರೂ 200 ರೂಪಾಯಿ ಮುಟ್ಟುವುದಿಲ್ಲ. ಅದೇ ಸಕ್ಕರೆಯನ್ನು ಜೆಲ್‌ನಿಂದ ಪಡೆಯಲು ಇಪ್ಪತ್ತಕ್ಕೂ ಹೆಚ್ಚು ಪೊಟ್ಟಣ ಬೇಕು, ನೂರು ರೂಪಾಯಿಗಿಂತ ಕಡಿಮೆಗೆ ಒಂದು ಸಿಕ್ಕಿದ್ದು ನನಗೆ ಅಪರೂಪ. ತಿಂಗಳಿಗೊಮ್ಮೆ ದೂರದ ಸವಾರಿ ಹೋಗುವ ಸಂಬಳದಾರನಿಗೆ ಇದು ದೊಡ್ಡ ವ್ಯತ್ಯಾಸ. ಆ ಹಣದಲ್ಲಿ ಟೈರ್ ಬದಲಾಯಿಸಬಹುದು.

ಮೂರ್ನಾಲ್ಕು ಗಂಟೆಯ ರೇಸ್ ಮಾಡುವವರು, ಕಾಫಿಗೆ ನಿಲ್ಲಲಾಗದವರು ಜೆಲ್ಲನ್ನೇ ಕೊಳ್ಳಲಿ. ಅವರಿಗೆ ಹಗುರ, ವೇಗ ಎರಡೂ ಬೇಕು. ಒಂದೆರಡು ಕೆಫೀನ್ ಜೆಲ್‌ನಲ್ಲಿ ಅವರ ಲೆಕ್ಕ ಮುಗಿಯುತ್ತದೆ. ನನ್ನ ಸೀಟಿನ ಕೆಳಗಿನ ಚೀಲದಲ್ಲೂ ಟ್ಯೂಬಿನ ಪಕ್ಕ ಎರಡು ಜೆಲ್ ಇವೆ, ಘಟ್ಟದ ನಡುವೆ ಪಾನಕ ಮುಗಿದರೆ ಇರಲಿ ಎಂದು. ಎರಡೂ ಕೆಫೀನ್ ಇಲ್ಲದವು.