ಸಿಡಿಲಿಗೆ ಕೆಟ್ಟ ಲ್ಯಾನ್ ಪೋರ್ಟಿಗೆ ಬದಲಿ: ಆರ್‌ಟಿಎಲ್ 8153 ಯುಎಸ್‌ಬಿ ಅಡಾಪ್ಟರ್

ತುಲಾವರ್ಷದ (ಹಿಂಗಾರು ಮಳೆಯ) ಸಿಡಿಲಿಗೆ ಲ್ಯಾನ್ ಪೋರ್ಟ್ ಪೂರ್ತಿ ಸತ್ತರೆ ಕೂಡಲೇ ಗೊತ್ತಾಗುತ್ತದೆ. ಅರೆಜೀವ ಉಳಿದರೇ ಕಷ್ಟ. ದೀಪ ಮಿನುಗುತ್ತದೆ, ಪುಟಗಳೂ ತೆರೆಯುತ್ತವೆ, 300 ಎಂಬಿಪಿಎಸ್ ಪ್ಲಾನ್ ಮಾತ್ರ 90ರ ಆಚೆ ಹೋಗುವುದಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದವರೆಗೆ ಯಾವ ಕಂಪ್ಯೂಟರ್ ಅಂಗಡಿಗೆ ಹೋದರೂ ಇದಕ್ಕೆ ಕೊಡುವ ಸುಲಭದ ಮದ್ದು ಯುಎಸ್‌ಬಿ ಲ್ಯಾನ್ ಅಡಾಪ್ಟರ್. ರಿಯಲ್‌ಟೆಕ್ ಆರ್‌ಟಿಎಲ್ 8153 ಚಿಪ್ ಇರುವುದಾದರೆ ಲಿನಕ್ಸ್ ಡೆಸ್ಕ್‌ಟಾಪಿಗೆ ಧೈರ್ಯವಾಗಿ ಕೊಳ್ಳಬಹುದು. ಆದರೆ ಕೊಳ್ಳುವ ಮೊದಲು ಕೇಬಲ್ ನೋಡಿ. ಎಷ್ಟೋ ಸಲ ಅಡಾಪ್ಟರ್ ಬೇಕಾಗುವುದೇ ಇಲ್ಲ.

ಟರ್ಮಿನಲ್‌ನಲ್ಲಿ ಈಥ್‌ಟೂಲ್ (ethtool) ಆಜ್ಞೆಗೆ ನಿಮ್ಮ ಲ್ಯಾನ್ ಇಂಟರ್‌ಫೇಸಿನ ಹೆಸರು ಕೊಡಿ. ಸ್ಪೀಡ್ 100 ಎಂದು ಬಂದರೆ ಅಲ್ಲೇ ಮೇಲೆ ಎದುರಿನ ಪೆಟ್ಟಿಗೆ (ಕೇಬಲಿನ ಆಚೆ ತುದಿಯ ಯಂತ್ರ) ಯಾವ ವೇಗ ಘೋಷಿಸಿದೆ ಎಂಬ ಸಾಲಿದೆ. ಅದರಲ್ಲಿ 1000 ಇಲ್ಲದಿದ್ದರೆ ದೋಷ ಕಂಪ್ಯೂಟರಿನದ್ದಲ್ಲ. ಫೈಬರ್ ಸಂಪರ್ಕದ ಎಷ್ಟೋ ಒಎನ್‌ಟಿಗಳಲ್ಲಿ (ಮನೆಗೆ ಬರುವ ಫೈಬರ್ ಸೇರುವ ಪೆಟ್ಟಿಗೆ) ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಅಂದರೆ 1000; ಉಳಿದವು 100. ಎದುರಿನದ್ದು 1000 ಎಂದಿದ್ದರೂ ಲಿಂಕ್ 100ಕ್ಕೇ ನಿಂತಿದ್ದರೆ ಸಂಶಯ ಕೇಬಲ್ ಮೇಲೆ. 100ಕ್ಕೆ ಕಿತ್ತಳೆ, ಹಸಿರು ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನೀಲಿ, ಕಂದು ಸೇರಿ ನಾಲ್ಕೂ ಬೇಕು. 4, 5, 7, 8ನೇ ಪಿನ್‌ಗಳಲ್ಲಿ ಒಂದು ತಂತಿ ತುಂಡಾದರೂ ಲಿಂಕ್ 100ಕ್ಕೆ ಇಳಿಯುತ್ತದೆ, ಇಲ್ಲವೇ ಬಿದ್ದು ಏಳುತ್ತಿರುತ್ತದೆ. ಕಡಲ ಗಾಳಿಗೆ ಪಿನ್ ಹಸಿರು ಹಿಡಿಯುವುದು ಇಲ್ಲಿ ಮಾಮೂಲು. ತಾಮ್ರ ಲೇಪಿಸಿದ ಅಲ್ಯೂಮಿನಿಯಂನ ಅಗ್ಗದ ಕೇಬಲ್ ಬಾಗಿದಲ್ಲೇ ಒಳಗೆ ಮುರಿದಿರುತ್ತದೆ. ತುದಿಯ ತಂತಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುವುದು ಈ ಜಾತಿ.

ವೇಗವನ್ನು ಕೈಯಿಂದ 1000 ಎಂದು ಹೇರಲು ಹೋಗಬೇಡಿ. ತಾಮ್ರದ ಮೇಲಿನ ಗಿಗಾಬಿಟ್‌ಗೆ ಆಟೊ ನೆಗೋಶಿಯೇಶನ್ (ಎರಡೂ ಕಡೆ ತಾವೇ ಮಾತಾಡಿ ವೇಗ ಒಪ್ಪಿಕೊಳ್ಳುವುದು) ಬೇಕೇ ಬೇಕು. ಒಂದು ಕಡೆ ಮಾತ್ರ 100 ಫುಲ್ ಎಂದು ಕಟ್ಟಿಹಾಕಿದರೆ ಇನ್ನೊಂದು ಕಡೆ ಹಾಫ್ ಡ್ಯುಪ್ಲೆಕ್ಸಿಗೆ (ಒಮ್ಮೆಗೆ ಒಂದೇ ದಿಕ್ಕಿನ ಸಂಚಾರ) ಇಳಿದು, ಲಿಂಕ್ ಇದ್ದೂ ವೇಗ ನೆಲಕಚ್ಚುತ್ತದೆ.

ಒಳ್ಳೆಯ ಕೇಬಲ್ ಹಾಕಿ, ಗಿಗಾಬಿಟ್ ಪೋರ್ಟಿಗೆ ಚುಚ್ಚಿದ ಮೇಲೂ ಹಾಗೆಯೇ ಇದ್ದರೆ ಈ ಅಡಾಪ್ಟರ್ ತರಬಹುದು. ಹೆಸರು 8152 ಆದರೂ 8153ನ್ನೂ ನಡೆಸುವ ಆರ್8152 ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಇರುವುದರಿಂದ ಸಿಡಿ, ಡೌನ್‌ಲೋಡ್ ಏನೂ ಬೇಡ. ಕೇರಳದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಉಬುಂಟು ಆಧಾರಿತ ವ್ಯವಸ್ಥೆ ನಡೆಯುವ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಲ್ಯಾಬಿಗೂ ಇದು ಒಗ್ಗುತ್ತದೆ. ನೀಲಿ ಯುಎಸ್‌ಬಿ 3 ಪೋರ್ಟಿಗೇ ಹಾಕಿ, ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಆಜ್ಞೆಗೆ ಹೈಫನ್ ಟಿ ಸೇರಿಸಿ (lsusb -t) ನೋಡಿ: 5000ಎಂ ಕಾಣಬೇಕು. 480ಎಂ ಕಂಡರೆ ಪೋರ್ಟ್ ಅಥವಾ ನಡುವಿನ ಹಬ್ ಯುಎಸ್‌ಬಿ 2; ಆಗ 300ರ ಆಸುಪಾಸಿಗೇ ಮುಗಿಯಿತು. ಮನೆಯೊಳಗಿನ ಇನ್ನೊಂದು ಗಿಗಾಬಿಟ್ ಯಂತ್ರಕ್ಕೆ ವೇಗ ಅಳೆಯುವ ಐಪರ್ಫ್3 ಓಡಿಸಿದರೆ 940 ಎಂಬಿಪಿಎಸ್ ಹತ್ತಿರ ಬರಬೇಕು. ಇಂಟರ್ನೆಟ್ ಸ್ಪೀಡ್ ಟೆಸ್ಟ್ ನಂಬಿ ತೀರ್ಪು ಕೊಡಬೇಡಿ, ಅದು ಅಳೆಯುವುದು ಸೇವೆಯವರನ್ನೂ ಸೇರಿಸಿ.

ಕೊರತೆಗಳೂ ಇವೆ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಉಳಿಸುವ ಟಿಎಲ್‌ಪಿ ತಂತ್ರಾಂಶ ಇದ್ದರೆ ಯುಎಸ್‌ಬಿ ಆಟೊ ಸಸ್ಪೆಂಡ್‌ನಿಂದ ಸಂಪರ್ಕ ಆಗಾಗ ಕಡಿಯಬಹುದು. ಅಡಾಪ್ಟರಿನ ಐಡಿಯನ್ನು ಟಿಎಲ್‌ಪಿಯ ಡಿನೈಲಿಸ್ಟಿಗೆ (ಸಸ್ಪೆಂಡ್ ಮಾಡಬಾರದವುಗಳ ಪಟ್ಟಿ) ಸೇರಿಸಬೇಕು. ಪಕ್ಕದ ಪೋರ್ಟಿನಲ್ಲಿ 2.4 ಗಿಗಾಹರ್ಟ್ಸಿನ ವೈರ್‌ಲೆಸ್ ಮೌಸಿನ ರಿಸೀವರ್ ಇದ್ದರೆ ಪಾಯಿಂಟರ್ ತಡವರಿಸುವುದುಂಟು, ಅದನ್ನು ದೂರದ ಪೋರ್ಟಿಗೆ ಹಾಕಿ. ಟವರಿನಲ್ಲಿ ಖಾಲಿ ಪಿಸಿಐಇ ಸ್ಲಾಟ್ ಇದ್ದವರಿಗೆ ಈ ಅಡಾಪ್ಟರಿಗಿಂತ ಒಳಗೆ ಕೂರುವ ಗಿಗಾಬಿಟ್ ಕಾರ್ಡೇ ಮೇಲು.

ಮೋಸ ಹೆಚ್ಚು ಕೊಳ್ಳುವಾಗಲೇ. ಡಬ್ಬಿಯ ಮೇಲೆ ‘ಗಿಗಾಬಿಟ್’ ಎಂದು ಬರೆದು ಒಳಗೆ ಆರ್‌ಟಿಎಲ್ 8152 ಇಟ್ಟು ಮಾರುವವರಿದ್ದಾರೆ. ಅದು ಯುಎಸ್‌ಬಿ 2, ಲ್ಯಾನ್ ಬರೀ 100. ಅಂಗಡಿಯಲ್ಲೇ ಯಾವುದಾದರೂ ಲಿನಕ್ಸ್ ಯಂತ್ರಕ್ಕೆ ಚುಚ್ಚಿಸಿ ಎಲ್‌ಎಸ್‌ಯುಎಸ್‌ಬಿ ಓಡಿಸಿ: ಐಡಿಯ ಕೊನೆಯ ನಾಲ್ಕಂಕಿ 8153 ಇರಲಿ. 8151 ಕಂಡರೆ ಗಾಬರಿ ಬೇಡ, ವಿಂಡೋಸ್ ಡ್ರೈವರಿನ ಸಿಡಿಯಂತೆ ನಟಿಸುತ್ತಿದೆ. ಇಜೆಕ್ಟ್ ಮಾಡಿದರೆ ತನ್ನ ನಿಜರೂಪಕ್ಕೆ ಬರುತ್ತದೆ. 8152 ಕಂಡರೆ ಡಬ್ಬಿ ಸಮೇತ ಹಿಂದಿರುಗಿಸಿ.