ಮೊಂಡಾದ ಡ್ರಿಲ್ ಬಿಟ್‌ಗೆ ಮನೆಯಲ್ಲೇ ಸಾಣೆ: ಡಬ್ಬಿ, ಜಿಗ್, ಡೈಮಂಡ್ ಫೈಲ್ ಬಳಸಿ ನೋಡಿದ ಮೇಲೆ

ಡ್ರಿಲ್ ಬಿಟ್ ಮೊಂಡಾದರೆ ಎಸೆದು ಹೊಸದು ತರುವುದು ಸುಲಭ ಅನ್ನಿಸುತ್ತದೆ. ಆದರೆ ಒಳ್ಳೆಯ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ನಲ್ಲಿ ಸವೆದಿರುವುದು ತುದಿಯ ಒಂದಿಷ್ಟೇ ಭಾಗ. ಉಳಿದ ಉದ್ದವೆಲ್ಲ ಗಟ್ಟಿಮುಟ್ಟಾಗಿಯೇ ಇರುತ್ತದೆ. ಅದನ್ನು ಎಸೆಯಲು ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಕೆಲವು ವರ್ಷಗಳಿಂದ ನನ್ನ ಬಿಟ್‌ಗಳಿಗೆ ನಾನೇ ಸಾಣೆ ಹಿಡಿಯುತ್ತಿದ್ದೇನೆ. ಕರೆಂಟಿನಲ್ಲಿ ಓಡುವ ಪ್ಲಾಸ್ಟಿಕ್ ಡಬ್ಬಿಯಂಥ ಶಾರ್ಪನರ್, ಬೆಂಚ್ ಗ್ರೈಂಡರ್ ಮುಂದೆ ಕೂರಿಸಿ ಬಿಟ್ಟನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಅಗ್ಗದ ಜಿಗ್, ವಜ್ರದ ಪುಡಿ ಅಂಟಿಸಿದ ಅರ ಅಂದರೆ ಡೈಮಂಡ್ ಫೈಲ್, ಈ ಮೂರನ್ನೂ ಸಾಕಷ್ಟು ದಿನ ಬಳಸಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಜಿಗ್ ಕೊಳ್ಳಿ, ಡಬ್ಬಿ ಬೇಡ, ಡೈಮಂಡ್ ಫೈಲ್ ಅಂತೂ ಇರಲೇಬೇಕು.

ಯಾಕೆ ಅಂತ ಹೇಳುವ ಮುಂಚೆ ಬಿಟ್‌ನ ತುದಿ ಹೇಗಿರಬೇಕು ಅನ್ನುವುದನ್ನು ನೋಡಬೇಕು. ಯಾವ ಸಾಧನವನ್ನಾದರೂ ಅಳೆಯಬೇಕಾದದ್ದು ಅದರಿಂದಲೇ.

ಸಾಣೆಯಿಂದ ಆಗಬೇಕಾದ ಕೆಲಸ ಎರಡು. ಒಂದು, ಎರಡೂ ಕಡೆಯ ಅಂಚುಗಳು ಒಂದೇ ಉದ್ದ ಇರಬೇಕು, ಒಂದೇ ಕೋನದಲ್ಲಿರಬೇಕು. ಇನ್ನೊಂದು, ಅಂಚಿನ ಹಿಂದಿನ ಮೈ ಅಂಚಿಗಿಂತ ತುಸು ತಗ್ಗಿರಬೇಕು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದನ್ನು ತುಂಬಾ ಜನ ಗಮನಿಸುವುದೇ ಇಲ್ಲ. ಅಂಚಿನ ಹಿಂದೆ 8ರಿಂದ 12 ಡಿಗ್ರಿಯಷ್ಟು ಇಳಿಜಾರು ಇದ್ದರೆ ಅಂಚೇ ಮೊದಲು ಲೋಹಕ್ಕೆ ತಾಗುತ್ತದೆ, ಕಚ್ಚುತ್ತದೆ. ಇಳಿಜಾರು ಇಲ್ಲದಿದ್ದರೆ ಹಿಂದಿನ ಮೈ ಲೋಹದ ಮೇಲೆ ಸುಮ್ನೆ ಉಜ್ಜುತ್ತಿರುತ್ತದೆ. ಎಷ್ಟು ಒತ್ತಿದರೂ ಬಿಟ್ ಇಳಿಯುವುದಿಲ್ಲ. ಕಿರಿಚುತ್ತದೆ, ಬಿಸಿಯಾಗುತ್ತದೆ, ಅಷ್ಟೇ. ಅಂಚು ಕಣ್ಣಿಗೆ ಎಷ್ಟೇ ಹರಿತವಾಗಿ ಕಂಡರೂ ಪ್ರಯೋಜನವಿಲ್ಲ. ಹಾಗಂತ ಇಳಿಜಾರು ಜಾಸ್ತಿಯಾದರೂ ಆಗದು. ಅಂಚಿಗೆ ಹಿಂದಿನಿಂದ ಆಸರೆ ಇಲ್ಲದೆ ಅದು ಬೇಗ ಉದುರುತ್ತದೆ.

ಇಳಿಜಾರು ಸರಿಯಾಗಿದೆಯಾ ಅಂತ ತಿಳಿಯಲು ಅಳತೆಯ ಸಾಧನವೇನೂ ಬೇಡ. ಬಿಟ್‌ನ ತುದಿಯನ್ನು ನೇರವಾಗಿ ಮೇಲಿನಿಂದ ನೋಡಿ. ನಡುವೆ ಒಂದು ಪುಟ್ಟ ಅಡ್ಡಗೆರೆ ಕಾಣುತ್ತದೆ. ಎರಡು ಅಂಚುಗಳನ್ನೂ ಕೂಡಿಸುವ ಗೆರೆ ಅದು. ಅಂಚಿಗೆ ಹೋಲಿಸಿದರೆ ಅದು ವಾರೆಯಾಗಿರಬೇಕು, ಸುಮಾರು 120ರಿಂದ 135 ಡಿಗ್ರಿ. ಅದು ಹೆಚ್ಚುಕಡಿಮೆ ನೆಟ್ಟಗೆ ಅಡ್ಡ ನಿಂತಿದ್ದರೆ ಹಿಂದೆ ಇಳಿಜಾರು ಸಾಲದು ಎಂದರ್ಥ. ಇಷ್ಟನ್ನು ನೋಡಲು ಕಲಿತರೆ ಅರ್ಧ ವಿದ್ಯೆ ಬಂದಂತೆಯೇ.

ಮೊಂಡಾಗಿದೆಯಾ ಅಂತ ನೋಡುವುದಕ್ಕೂ ಒಂದು ದಾರಿ ಇದೆ. ಟಾರ್ಚ್ ಬೆಳಕಿನಲ್ಲಿ ಅಂಚನ್ನು ಮೆಲ್ಲಗೆ ಆಚೆ ಈಚೆ ತಿರುಗಿಸಿ. ಹರಿತವಾದ ಅಂಚು ಬೆಳಕನ್ನು ವಾಪಸು ಕೊಡುವುದಿಲ್ಲ, ಕಾಣುವುದೇ ಇಲ್ಲ. ಮೊಂಡಾದ ಅಂಚಿನ ಮೇಲೆ ಕೂದಲೆಳೆಯಷ್ಟು ಬಿಳಿ ಗೆರೆ ಮಿನುಗುತ್ತದೆ. ಹೊರಗಿನ ಮೂಲೆಯಲ್ಲಿ ಅದು ಜಾಸ್ತಿ ದಪ್ಪ ಇರುತ್ತದೆ. ಬಿಟ್ ತಿರುಗುವಾಗ ಅತಿ ವೇಗವಾಗಿ ಓಡುವುದು ಆ ಮೂಲೆಯೇ, ಹಾಗಾಗಿ ಮೊದಲು ಸವೆಯುವುದೂ ಅದೇ. ಸಾಣೆ ಹಿಡಿಯುವಾಗ ಆ ಮಿನುಗು ಮೂಲೆಯವರೆಗೂ ಪೂರ್ತಿ ಮಾಯವಾಗಬೇಕು. ಅರ್ಧಕ್ಕೆ ನಿಲ್ಲಿಸಿದರೆ ಆ ಬಿಟ್ ಎರಡನೇ ತೂತಿಗೇ ಮತ್ತೆ ಕಿರಿಚಲು ಶುರುಮಾಡುತ್ತದೆ.

ಈಗ ಡಬ್ಬಿಯ ವಿಷಯ. ಮೇಲೆ ಸಾಲಾಗಿ ತೂತುಗಳಿರುತ್ತವೆ, ನನ್ನದರಲ್ಲಿ 3ರಿಂದ 10 ಮಿ.ಮೀ.ವರೆಗೆ. ಒಳಗೆ ಪುಟ್ಟ ಸಾಣೆಕಲ್ಲು ತಿರುಗುತ್ತದೆ. ಬಿಟ್ಟನ್ನು ಅದರ ಅಳತೆಯ ತೂತಿಗೆ ಇಳಿಸಿ ಕೈಯಲ್ಲಿ ಆಚೆ ಈಚೆ ತಿರುಗಿಸಬೇಕು. ತೂತಿನ ಅಳತೆಗೂ ಬಿಟ್‌ನ ಅಳತೆಗೂ ಸರಿಯಾಗಿ ಹೊಂದಿದರೆ ಪರವಾಗಿಲ್ಲ. ಆದರೆ ಎಂ5 ಟ್ಯಾಪ್ ಹಾಕಲು (ಅಂದರೆ 5 ಮಿ.ಮೀ. ಬೋಲ್ಟ್ ಕೂರುವಂತೆ ತೂತಿನೊಳಗೆ ತಿರುಪಿನ ಮರೆ ಕೊರೆಯಲು) ಬೇಕಾದ 4.2 ಮಿ.ಮೀ. ಬಿಟ್ ಇದೆಯಲ್ಲ, ಅದು 4.5ರ ತೂತಿನಲ್ಲಿ ಅಲ್ಲಾಡುತ್ತದೆ. ಅಲ್ಲಾಡಿದರೆ ಒಂದು ಅಂಚು ಉದ್ದ, ಇನ್ನೊಂದು ಗಿಡ್ಡ. ಇಳಿಜಾರನ್ನು ಬದಲಿಸುವ ದಾರಿಯೂ ಇಲ್ಲ. ಒಳಗಿನ ಕಲ್ಲು ಚಿಕ್ಕದಾದ್ದರಿಂದ ಬೇಗ ಗುಳಿ ಬೀಳುತ್ತದೆ, ನುಣುಪಾಗುತ್ತದೆ. ಆಮೇಲೆ ಅದು ಕೊರೆಯುವುದಿಲ್ಲ, ಬಿಟ್ಟನ್ನು ಕಾಯಿಸುತ್ತದೆ. ನನ್ನದಕ್ಕೆ ಬದಲಿ ಕಲ್ಲು ಹುಡುಕಿದೆ, ಸಿಗಲಿಲ್ಲ. ಮರಕ್ಕೆ ಮಾತ್ರ ತೂತು ಹಾಕುವವರಿಗೆ ಇದು ಹೇಗೋ ನಡೆಯುತ್ತದೆ. ಉಕ್ಕಿನ ಕೆಲಸ ಮಾಡುವವರು ಈ ಕಡೆ ನೋಡುವುದೇ ಬೇಡ.

ಜಿಗ್ ಬೇರೆ ಜಾತಿಯದು. ಎರಕದ ಒಂದು ಪುಟ್ಟ ಕಾಲು, ಅದರ ಮೇಲೆ ತೂಗಾಡುವ ತೋಳು, ತೋಳಿನ ಮೇಲೆ ಬಿಟ್ ಮಲಗಿಸಲು 'ವಿ' ಆಕಾರದ ಕಾಲುವೆ. ಮುಂದೆ ಅಂಚನ್ನು ಒರಗಿಸಲು ಚಿಕ್ಕ ನಾಲಿಗೆಯಂಥ ತುಂಡು. ಹಿಂದೆ ಬಿಟ್‌ನ ಬಾಲಕ್ಕೆ ತಾಗುವ ಸ್ಕ್ರೂ. ಪಕ್ಕದಲ್ಲಿ 41, 49, 59, 68, 88 ಅಂತ ಕೋನಗಳ ಗುರುತು. ನಮಗೆ ಬೇಕಾದದ್ದು 59. ಸಾಮಾನ್ಯ ಬಿಟ್‌ನ ತುದಿಯ ಕೋನ 118 ಡಿಗ್ರಿ, ಅದರ ಅರ್ಧ 59.

ಹೊಸದಾಗಿ ಬಂದಾಗ ಅದರ ಕೆಲಸಗಾರಿಕೆ ಒರಟಾಗಿತ್ತು. ಕಾಲುವೆಯಲ್ಲಿ ಎರಕದ ಚೂರುಗಳು ಅಂಟಿದ್ದವು, ಬಿಟ್ ಸಮವಾಗಿ ಕೂರುತ್ತಿರಲಿಲ್ಲ. ಫೈಲ್ ಹಾಕಿ ಕಾಲುವೆಯನ್ನು ಸಪಾಟು ಮಾಡಿದೆ. ತೋಳು ತಿರುಗುವ ಕೀಲಿನಲ್ಲೂ ಆಟ ಇತ್ತು. ಅಲ್ಲಿದ್ದ ಸ್ಕ್ರೂ ತೆಗೆದು ಬಿಗಿಯಾದ ಬೋಲ್ಟ್ ಮತ್ತು ತಾನಾಗಿ ಸಡಿಲವಾಗದ ನೈಲಾಕ್ ನಟ್ ಹಾಕಿದೆ. ಇವೆರಡು ಕೆಲಸ ಮಾಡದೆ ಜಿಗ್ ಬಳಸಿ 'ಇದು ಕೆಲಸಕ್ಕೆ ಬಾರದ್ದು' ಅಂದರೆ ಅದಕ್ಕೆ ಅನ್ಯಾಯ ಮಾಡಿದಂತೆ. ಇನ್ನೊಂದು, ಗ್ರೈಂಡರ್ ಮತ್ತು ಜಿಗ್ ಎರಡನ್ನೂ ಒಂದೇ ದಪ್ಪ ಹಲಗೆಗೆ ಬೋಲ್ಟ್ ಮಾಡಿ. ಬೇರೆ ಬೇರೆ ನಿಂತರೆ ಒಂದಕ್ಕೊಂದು ದೂರ ಬದಲಾಗುತ್ತದೆ, ಪ್ರತಿ ಸಲ ಮೊದಲಿನಿಂದ ಹೊಂದಿಸಬೇಕಾಗುತ್ತದೆ.

ಜೊತೆಗೆ ಬಂದ ಚೀಟಿಯಲ್ಲಿ ಚಕ್ರದ ಪಕ್ಕದ ಮೈಗೆ ಬಿಟ್ ತಾಗಿಸುವ ಚಿತ್ರ ಇತ್ತು. ನನಗೆ ಅದು ಸರಿ ಕಾಣಲಿಲ್ಲ. ಮಾಮೂಲಿ ಗ್ರೈಂಡಿಂಗ್ ಚಕ್ರಗಳನ್ನು ಪಕ್ಕದಿಂದ ಬೀಳುವ ಒತ್ತಡಕ್ಕೆ ಮಾಡಿರುವುದಿಲ್ಲ. ಹಾಗಾಗಿ ಮುಂದಿನ ಮೈಗೆ ತಾಗುವ ಹಾಗೆ ಕೂರಿಸಿಕೊಂಡಿದ್ದೇನೆ, ಚೆನ್ನಾಗಿಯೇ ನಡೆಯುತ್ತಿದೆ.

ಬಳಸುವ ಬಗೆ ಹೀಗೆ. ಬಿಟ್‌ನ ತುದಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯಿರಿ. ಕಾಲುವೆಯಲ್ಲಿ ಮಲಗಿಸಿ, ಅಂಚನ್ನು ಮುಂದಿನ ನಾಲಿಗೆಗೆ ಒರಗಿಸಿ, ಹಿಂದಿನ ಸ್ಕ್ರೂ ಬಾಲಕ್ಕೆ ತಾಗುವಂತೆ ನಿಲ್ಲಿಸಿ, ಕ್ಲ್ಯಾಂಪ್ ಬಿಗಿಯಿರಿ. ಗ್ರೈಂಡರ್ ಆನ್ ಮಾಡುವ ಮುಂಚೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ತೋಳನ್ನು ಒಮ್ಮೆ ತೂಗಿ. ಕಪ್ಪು ಎಲ್ಲಿ ಅಳಿಸಿದೆ ನೋಡಿ. ಹಿಂದುಗಡೆ ಮಾತ್ರ ಅಳಿಸಿದ್ದರೆ ಜಿಗ್ ಕೊಡಲಿರುವ ಇಳಿಜಾರು ಈಗಿರುವುದಕ್ಕಿಂತ ಜಾಸ್ತಿ, ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಮ್ಮಿ. ನಾಲಿಗೆಯಿಂದ ಮುಂದಕ್ಕೆ ಬಿಟ್ ಎಷ್ಟು ಚಾಚಿದೆ ಅನ್ನುವುದರ ಮೇಲೆ ಇದು ನಿಂತಿದೆ, ಸ್ವಲ್ಪ ಬದಲಿಸಿದರೂ ವ್ಯತ್ಯಾಸ ಕಾಣುತ್ತದೆ. ಸರಿಹೊಂದಿದ ಮೇಲೆ ಆನ್ ಮಾಡಿ ಹಗುರವಾಗಿ ತೂಗಿ. ನಂತರ ಬಿಟ್ಟನ್ನು ಅರ್ಧ ಸುತ್ತು ಹೊರಳಿಸಿ ಇನ್ನೊಂದು ಅಂಚು. ಈ ಮಧ್ಯೆ ಹಿಂದಿನ ಸ್ಕ್ರೂ ಮುಟ್ಟಲೇಬಾರದು. ಎರಡೂ ಅಂಚು ಒಂದೇ ಅಳತೆಗೆ ಬರುವುದು ಆ ಸ್ಕ್ರೂ ದೆಸೆಯಿಂದಲೇ.

ಕೋನ ನೋಡಲು ಗೇಜ್ ಬೇಕಿಲ್ಲ. ಒಂದೇ ಅಳತೆಯ ಎರಡು ಆರು ಮೂಲೆಯ ನಟ್‌ಗಳನ್ನು ಮೈಗೆ ಮೈ ಸೇರಿಸಿ ಮೇಜಿನ ಮೇಲಿಡಿ. ನಡುವೆ ಬೀಳುವ ಸಂದು ಸರಿಯಾಗಿ 120 ಡಿಗ್ರಿ. ಬಿಟ್‌ನ ತುದಿಯನ್ನು ಅದರಲ್ಲಿಟ್ಟು ಬೆಳಕಿಗೆ ಹಿಡಿದರೆ ಎರಡೂ ಕಡೆ ಸಮ ಇದೆಯಾ ಅಂತ ಗೊತ್ತಾಗುತ್ತದೆ. 118ಕ್ಕೂ 120ಕ್ಕೂ ಇರುವ ಎರಡು ಡಿಗ್ರಿ ವ್ಯತ್ಯಾಸ ಮನೆ ಕೆಲಸಕ್ಕೆ ಏನೂ ಅಲ್ಲ.

ಕೊನೆಯ ಪರೀಕ್ಷೆ ಮಾತ್ರ ಲೋಹದ ಮೇಲೇ ಆಗಬೇಕು. ಮೆದು ಉಕ್ಕಿನ ಪಟ್ಟಿಗೆ ಸೆಂಟರ್ ಪಂಚ್ ಹೊಡೆದು, ಒಂದು ಹನಿ ಎಣ್ಣೆ ಬಿಟ್ಟು, ನಿಧಾನವಾಗಿ ಇಳಿಸಿ. ಬಿಟ್‌ನ ಮೈಮೇಲಿನ ಎರಡೂ ಕಾಲುವೆಗಳಿಂದ ಒಂದೇ ದಪ್ಪದ ಎರಡು ಸುರುಳಿಗಳು ಜೋಡಿಯಾಗಿ ಮೇಲೇರಿ ಬರಬೇಕು. ಅದನ್ನು ನೋಡುವ ಖುಷಿಯೇ ಬೇರೆ. ಒಂದೇ ಕಡೆಯಿಂದ ಸುರುಳಿ ಬಂದು ಇನ್ನೊಂದು ಕಡೆಯಿಂದ ಬರೀ ಹುಡಿ ಬಂದರೆ ಒಂದು ಅಂಚು ದುಡಿಯುತ್ತಿಲ್ಲ. ಆಗ ತೂತೂ ಬಿಟ್‌ಗಿಂತ ದೊಡ್ಡದಾಗುತ್ತದೆ. ಟ್ಯಾಪ್ ಹಾಕುವ ತೂತಾದರೆ ಮರೆ ಸಡಿಲವಾಗಿ ಕೆಲಸವೇ ಕೆಡುತ್ತದೆ.

ಚಕ್ರದ ಬಗ್ಗೆ ಒಂದು ಮಾತು. ಗ್ರೈಂಡರ್ ಜೊತೆ ಬರುವ ಒರಟು ಚಕ್ರ ದೊಡ್ಡ ಬಿಟ್‌ಗೆ ಸಾಕು. ನಾನು ಒಂದು ಕಡೆ 80 ಗ್ರಿಟ್‌ನ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಚಕ್ರ ಹಾಕಿದ್ದೇನೆ. ಅದು ತಣ್ಣಗೆ ಕೊರೆಯುತ್ತದೆ. ಚಕ್ರದ ಮೈ ನುಣುಪಾದರೆ ಅದನ್ನು ಕೆರೆಯುವ ಡ್ರೆಸ್ಸರ್ ಹಿಡಿದು ಸಮ ಮಾಡಲೇಬೇಕು. ಎಷ್ಟೋ ಜನ ಜಿಗ್ ಸರಿ ಇಲ್ಲ ಅನ್ನುತ್ತಾರೆ, ನೋಡಿದರೆ ಚಕ್ರದ ನಡುವೆ ಗುಳಿ ಬಿದ್ದಿರುತ್ತದೆ. ಹೊಸ ಚಕ್ರ ಹಾಕುವ ಮುಂಚೆ ಅದನ್ನು ಬೆರಳಲ್ಲಿ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಬಂದರೆ ಸರಿ, ಒಡಕು ಸದ್ದು ಬಂದರೆ ಹಾಕಬೇಡಿ. ಕನ್ನಡಕ ಕಡ್ಡಾಯ. ಕೈಗವಸು ಬೇಡ, ತಿರುಗುವ ಚಕ್ರ ಅದನ್ನು ಒಳಕ್ಕೆ ಎಳೆದುಕೊಳ್ಳಬಹುದು.

ಬಿಟ್ ನೀಲಿಯಾದರೆ ಅದರ ಕತೆ ಮುಗಿಯಿತು ಅಂತ ಹೆದರುವವರಿದ್ದಾರೆ. ಅದು ಉಕ್ಕಿನ ಜಾತಿಯ ಮೇಲೆ ನಿಂತಿದೆ. ಕಾರ್ಬನ್ ಸ್ಟೀಲ್ ಆದರೆ ಹೌದು, 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀಲಿಗಟ್ಟಿದ ಭಾಗ ಮೆತ್ತಗಾಗಿರುತ್ತದೆ, ಅಷ್ಟನ್ನು ಉಜ್ಜಿ ತೆಗೆಯಬೇಕು. ಎಚ್‌ಎಸ್‌ಎಸ್ ಸುಮಾರು 600 ಡಿಗ್ರಿವರೆಗೂ ಗಡಸುತನ ಉಳಿಸಿಕೊಳ್ಳುತ್ತದೆ, ಬರೀ ಬಣ್ಣ ಬಂದ ಮಾತ್ರಕ್ಕೆ ಕೆಡುವುದಿಲ್ಲ. ಕೆಡಿಸುವುದು ಕಾದ ಬಿಟ್ಟನ್ನು ಚೊಯ್ ಅಂತ ನೀರಿಗೆ ಅದ್ದುವ ಅಭ್ಯಾಸ. ಆಗ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳಬಹುದು. ಹಗುರವಾಗಿ ಉಜ್ಜಿ, ನಡುನಡುವೆ ಬಿಡುವು ಕೊಟ್ಟು, ಗಾಳಿಯಲ್ಲೇ ಆರಲು ಬಿಡಿ. ಚಿನ್ನದ ಬಣ್ಣದ ಟೈಟಾನಿಯಂ ನೈಟ್ರೈಡ್ ಲೇಪನ ಸಾಣೆ ಹಿಡಿದ ಜಾಗದಲ್ಲಿ ಹೋಗುತ್ತದೆ, ಅದು ಮೇಲಿನ ತೆಳು ಪದರ ಮಾತ್ರ. ಎಂ35ನಂಥ ಕೋಬಾಲ್ಟ್ ಬಿಟ್‌ನಲ್ಲಿ 5 ಶೇಕಡಾ ಕೋಬಾಲ್ಟ್ ಉಕ್ಕಿನೊಳಗೇ ಬೆರೆತಿರುತ್ತದೆ. ಎಷ್ಟು ಸಲ ಸಾಣೆ ಹಿಡಿದರೂ ಅದರ ಗುಣ ಹೋಗುವುದಿಲ್ಲ. ದುಡ್ಡು ಹಾಕುವುದಾದರೆ ಇಂಥದಕ್ಕೆ ಹಾಕಿ.

ಕೆಲವು ಸಲ ಸಾಣೆ ಹಿಡಿದ ಮೇಲೆ ಒಂದು ಹೊಸ ತೊಂದರೆ ಶುರುವಾಗುತ್ತದೆ. ಬಿಟ್‌ನ ನಡುವಿನ ಬೆನ್ನು ತುದಿಯಲ್ಲಿ ತೆಳ್ಳಗಿದ್ದು ಬಾಲದ ಕಡೆಗೆ ದಪ್ಪವಾಗುತ್ತಾ ಹೋಗುತ್ತದೆ. ಹಾಗಾಗಿ ಬಿಟ್ ಗಿಡ್ಡವಾದಷ್ಟೂ ನಡುವಿನ ಅಡ್ಡಗೆರೆ ಉದ್ದವಾಗುತ್ತದೆ. ಆ ಗೆರೆ ಕತ್ತರಿಸುವುದಿಲ್ಲ, ಲೋಹವನ್ನು ಅದುಮಿ ಪಕ್ಕಕ್ಕೆ ತಳ್ಳುತ್ತದೆ. ಎರಡೂ ಅಂಚು ಹರಿತವಾಗಿದ್ದೂ ಜಾಸ್ತಿ ಒತ್ತಬೇಕಾಗಿ ಬಂದರೆ ಕಾರಣ ಇದೇ. ರೋಟರಿ ಟೂಲ್‌ನ ತೆಳು ಕಟಿಂಗ್ ಡಿಸ್ಕ್ ಹಿಡಿದು ನಡುವಿನ ಎರಡೂ ಬದಿಯಲ್ಲಿ ಸಮವಾಗಿ ಒಂಚೂರು ಕೊರೆದರೆ ಗೆರೆ ಮತ್ತೆ ಗಿಡ್ಡವಾಗುತ್ತದೆ. 135 ಡಿಗ್ರಿಯ ಸ್ಪ್ಲಿಟ್ ಪಾಯಿಂಟ್ ಬಿಟ್‌ಗಳಲ್ಲಿ ಕಾರ್ಖಾನೆಯಲ್ಲೇ ಹೀಗೆ ಮಾಡಿರುತ್ತಾರೆ. ಈ ಜಿಗ್‌ನಲ್ಲಿ ಅದು ಬರುವುದಿಲ್ಲ, ಇದರ ದೊಡ್ಡ ಕೊರತೆ ಅದೇ.

ಡೈಮಂಡ್ ಫೈಲ್‌ನ ಕೆಲಸ ಚಿಕ್ಕದು, ಆದರೆ ದಿನಾ ಬೇಕಾಗುವಂಥದ್ದು. ಪೂರ್ತಿ ಮೊಂಡಾಗುವ ಮುಂಚೆಯೇ ಹಿಂದಿನ ಇಳಿಜಾರಿನ ಮೇಲೆ ನಾಲ್ಕಾರು ಸಲ ಎಳೆದರೆ ಗ್ರೈಂಡರ್ ತಂಟೆಯೇ ಬೇಡ. ಹಿತ್ತಾಳೆಗೆ ತೂತು ಹಾಕುವಾಗ ಬಿಟ್ ಒಮ್ಮೆಗೇ ಕಚ್ಚಿ ಒಳನುಗ್ಗುತ್ತದೆ ಅಲ್ವಾ, ಅದಕ್ಕೂ ಇದೇ ಮದ್ದು. ಅಂಚಿನ ಮುಂದಿನ ಮೈಯನ್ನು, ಅಂದರೆ ಕಾಲುವೆಯ ಕಡೆಯದನ್ನು, ಬಿಟ್‌ನ ಉದ್ದಕ್ಕೆ ಸಮನಾಗಿ ಒಂದು ಸಣ್ಣ ಪಟ್ಟಿಯಷ್ಟು ಚಪ್ಪಟೆ ಮಾಡಿ. ಆಮೇಲೆ ಅದು ಶಾಂತವಾಗಿ ಇಳಿಯುತ್ತದೆ. ಆ ಬಿಟ್ಟನ್ನು ಹಿತ್ತಾಳೆಗೇ ಅಂತ ಬೇರೆ ಎತ್ತಿಡಿ.

ಗೋಡೆಗೆ ಬಳಸುವ ಬಿಟ್‌ಗಳ ತುದಿಯಲ್ಲಿರುವುದು ಕಾರ್ಬೈಡ್. ಮಾಮೂಲಿ ಚಕ್ರ ಅದನ್ನು ಕೊರೆಯುವುದಿಲ್ಲ. ಹಸಿರು ಸಿಲಿಕಾನ್ ಕಾರ್ಬೈಡ್ ಚಕ್ರ ಅಥವಾ ಡೈಮಂಡ್ ಬೇಕು. 3 ಮಿ.ಮೀ.ಗಿಂತ ಸಣ್ಣ ಬಿಟ್‌ಗಳು ಜಿಗ್‌ನಲ್ಲಿ ನಿಲ್ಲುವುದಿಲ್ಲ. ಅವಕ್ಕೆ ನಾನು ಸಾಣೆ ಹಿಡಿಯುವುದಿಲ್ಲ, ಹೊಸದನ್ನೇ ತರುತ್ತೇನೆ. 6 ಮಿ.ಮೀ.ಗಿಂತ ದೊಡ್ಡವಕ್ಕೆ ಈಗೀಗ ಜಿಗ್ ಇಲ್ಲದೆ ಬರಿಗೈಯಲ್ಲೇ ಸಾಣೆ ಹಿಡಿಯುತ್ತೇನೆ. ಚಕ್ರದ ಮುಂದಿನ ಆಸರೆ ತಟ್ಟೆಯ (ಟೂಲ್ ರೆಸ್ಟ್) ಮೇಲೆ 59 ಡಿಗ್ರಿಗೆ ಗೆರೆ ಕೊರೆದುಕೊಂಡಿದ್ದೇನೆ. ತೋಳು ಹೇಗೆ ತೂಗುತ್ತದೆ ಅಂತ ಜಿಗ್‌ನಲ್ಲಿ ನೋಡಿ ನೋಡಿ ಕೈಗೆ ಆ ಓಟ ಬಂದಿದೆ.

ಇಷ್ಟು ಮಾಡಿದ ಬಿಟ್ ಬಾಳಿಕೆ ಬರಬೇಕಾದರೆ ವೇಗ ನೋಡಿಕೊಳ್ಳಿ. ಮೆದು ಉಕ್ಕಿನಲ್ಲಿ ಎಚ್‌ಎಸ್‌ಎಸ್ ಬಿಟ್‌ನ ಹೊರಮೂಲೆ ನಿಮಿಷಕ್ಕೆ 25ರಿಂದ 30 ಮೀಟರ್ ಓಡಿದರೆ ಸಾಕು. ಅಂದರೆ 3 ಮಿ.ಮೀ. ಬಿಟ್‌ಗೆ ನಿಮಿಷಕ್ಕೆ ಸುಮಾರು 2,800 ಸುತ್ತು ನಡೆಯುತ್ತದೆ, 10 ಮಿ.ಮೀ. ಬಿಟ್‌ಗೆ 850ರ ಆಸುಪಾಸು. ಸ್ಟೇನ್‌ಲೆಸ್‌ಗೆ ಇದರ ಅರ್ಧಕ್ಕಿಳಿಸಿ, ಎಣ್ಣೆ ಬಿಡುತ್ತಾ ಇರಿ, ಒತ್ತಡ ಮಾತ್ರ ಕಮ್ಮಿ ಮಾಡಬೇಡಿ. ಅಲ್ಲಿ ಅಂಚು ಕತ್ತರಿಸದೆ ಉಜ್ಜಿದರೆ ಆ ಜಾಗ ಗಡಸಾಗಿ, ಆಮೇಲೆ ಎಂಥ ಹರಿತದ ಬಿಟ್ಟೂ ಇಳಿಯಲು ಒದ್ದಾಡುತ್ತದೆ. ಬ್ಯಾಟರಿ ಡ್ರಿಲ್ ಆದರೆ ದೊಡ್ಡ ಬಿಟ್‌ಗಳಿಗೆ ಮೇಲಿನ ಗೇರ್ ಸ್ವಿಚ್ಚನ್ನು 1ರಲ್ಲಿ, ಅಂದರೆ ನಿಧಾನದ ಗೇರ್‌ನಲ್ಲಿಡಿ.