ಮಂದ ಆಯಿಲೋ ತೆಳು ಆಯಿಲೋ: ಒಂದೇ ಸ್ಪೋರ್ಟ್ಸ್ ಕಾರಿಗೆ ನಾಲ್ಕು ಗ್ರೇಡ್ ಹಾಕಿ ನೋಡಿದ ಹೋಲಿಕೆ

ಸ್ಪೋರ್ಟ್ಸ್ ಕಾರಿಗೆ ಎಂಜಿನ್ ಆಯಿಲ್ ಮಂದವಾಗಿದ್ದಷ್ಟೂ ಕ್ಷೇಮ ಎಂದು ಒಂದು ಗುಂಪು. ಕಂಪನಿ ಬರೆದ ಗ್ರೇಡ್ ಬಿಟ್ಟು ಅಲುಗಾಡಲೇಬೇಡಿ ಎಂದು ಇನ್ನೊಂದು ಗುಂಪು. ಎರಡೂ ಕಡೆಯ ವಾದ ಕೇಳಿ ಕೇಳಿ ಸಾಕಾಗಿ, ನನ್ನ ಟೊಯೊಟಾ 86ಕ್ಕೆ ನಾಲ್ಕು ಗ್ರೇಡನ್ನೂ ಸರದಿ ಪ್ರಕಾರ ಹಾಕಿ ಓಡಿಸಿದೆ. ನನ್ನ ಬಳಕೆಗೆ ಗೆದ್ದದ್ದು 5ಡಬ್ಲ್ಯೂ-30 (ಮೊದಲ ಅಂಕೆ ಚಿಕ್ಕದಿದ್ದಷ್ಟೂ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ, ಕೊನೆಯದು ದೊಡ್ಡದಿದ್ದಷ್ಟೂ ಬಿಸಿಯಲ್ಲಿ ಮಂದವಾಗಿ ಉಳಿಯುತ್ತದೆ). ಆದರೆ ಆ ಹೆಸರಿನಲ್ಲಿ ಸಿಗುವ ಎಲ್ಲ ಡಬ್ಬಗಳೂ ಅಲ್ಲ.

ಮೊದಲು ಕಾರಿನ ಜಾತಕ. 2 ಲೀಟರಿನ ಬಾಕ್ಸರ್ ಎಂಜಿನ್, ಬೋರ್ 86 ಮಿ.ಮೀ., ಸ್ಟ್ರೋಕ್ ಕೂಡ 86 ಮಿ.ಮೀ., ಕಂಪ್ರೆಷನ್ 12.5:1. ಟರ್ಬೊ ಇಲ್ಲದ್ದರಿಂದ ಶಕ್ತಿ ಬೇಕೆಂದರೆ 7000 ಆರ್‌ಪಿಎಂವರೆಗೆ ಎಳೆಯಲೇಬೇಕು. ಹಾಗೆ ಎಳೆದಾಗ ಆಯಿಲ್ ಚೆನ್ನಾಗಿಯೇ ಕಾಯುತ್ತದೆ. ನನ್ನ ಕಾರಿನ ಡ್ಯಾಶ್‌ಬೋರ್ಡಿನ ಮುಳ್ಳು ಕೂಲಂಟಿನ ಬಿಸಿ ತೋರಿಸುತ್ತದೆಯೇ ಹೊರತು ಆಯಿಲ್‌ನದಲ್ಲ. ಆದ್ದರಿಂದ ಉಷ್ಣತೆಗೆ ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಂದು ಒಬಿಡಿ ರೀಡರ್, ಒತ್ತಡಕ್ಕೆ ಹೊರಗಿನಿಂದ ಕೂರಿಸಿದ ಪ್ರೆಷರ್ ಗೇಜ್. ಇವೆರಡೂ ಇಲ್ಲದೆ ‘ಈ ಆಯಿಲ್ ಹಾಕಿದ ಮೇಲೆ ಎಂಜಿನ್ ಸ್ಮೂತ್ ಆಯಿತು’ ಎನ್ನುವುದರಲ್ಲಿ ನನಗೆ ನಂಬಿಕೆಯಿಲ್ಲ. ಹಳೇ ಆಯಿಲ್ ತೆಗೆದು ಯಾವುದೇ ಹೊಸದು ಹಾಕಿದರೂ ಒಂದು ವಾರ ಸ್ಮೂತ್ ಅನ್ನಿಸಿಯೇ ಅನ್ನಿಸುತ್ತದೆ.

ಕಂಪನಿ ಹೇಳುವುದು 0ಡಬ್ಲ್ಯೂ-20. ದಿನನಿತ್ಯದ ಓಡಾಟಕ್ಕೆ ಇದರಲ್ಲಿ ಕುಂದು ಹುಡುಕುವುದು ಕಷ್ಟ. ಬೆಳಗಿನ ತಣ್ಣನೆ ಸ್ಟಾರ್ಟ್‌ನಲ್ಲಿ ಒತ್ತಡ ತಕ್ಷಣ ಏರುತ್ತದೆ, ಟ್ಯಾಪೆಟ್ ಸದ್ದು ಬೇಗ ಅಡಗುತ್ತದೆ, ಹೈವೇಯಲ್ಲಿ ಆಯಿಲ್ 100 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಟ್ರ್ಯಾಕ್‌ಗೆ ಇಳಿಸಿದಾಗ ಮಾತ್ರ ಚಿತ್ರ ಬದಲಾಯಿತು. ಕೆಲವೇ ಲ್ಯಾಪ್‌ಗಳಲ್ಲಿ 120 ದಾಟಿ 130ರ ಕಡೆ ಹೊರಟಿತು. ಪಿಟ್‌ಗೆ ಬಂದು ಐಡ್ಲಿಂಗ್‌ನಲ್ಲಿ ನಿಲ್ಲಿಸಿದರೆ ಪ್ರೆಷರ್ ಮುಳ್ಳು ಎಂದಿಗಿಂತ ತೀರಾ ಕೆಳಗೆ. ಎಂಜಿನ್‌ಗೆ ಏನೂ ಆಗಲಿಲ್ಲ, ನಿಜ. ಆದರೆ ಆ ಮುಳ್ಳನ್ನು ನೋಡುತ್ತಾ ಮತ್ತೊಂದು ಸುತ್ತು ಹೊಡೆಯುವ ಮನಸ್ಸು ಬರಲಿಲ್ಲ.

ಇನ್ನೊಂದು ತುದಿ 10ಡಬ್ಲ್ಯೂ-60. ಇದರ ಹೆಸರಿಗೆ ರೇಸಿಂಗ್ ಕಳೆ ಬಂದಿರುವುದು ಬಿಎಂಡಬ್ಲ್ಯೂನ ಎಂ ಎಂಜಿನ್‌ಗಳಿಂದ. ಇ46 ಎಂ3ಯ ಎಸ್54 ಎಂಜಿನ್‌ಗೆ ಕಂಪನಿಯೇ ಇದನ್ನು ಹೇಳಿತ್ತು. ಅಲ್ಲಿ ಸರಿ ಹೋದದ್ದು ಇಲ್ಲಿಯೂ ಸರಿ ಎನ್ನಲು ಬರುವುದಿಲ್ಲ. ಬೇರಿಂಗ್‌ಗಳ ನಡುವಿನ ಸಂದು, ಪಂಪಿನ ತಾಕತ್ತು ಎಲ್ಲವೂ ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ನನ್ನ ಕಾರಿನಲ್ಲಿ ತಣ್ಣಗಿದ್ದಾಗ ಪ್ರೆಷರ್ ಗೇಜ್ ನೆಗೆದು ಮೇಲೆ ಕೂತಿತು. ಇದನ್ನು ಕಂಡು ಖುಷಿಪಡುವವರಿದ್ದಾರೆ. ಒತ್ತಡ ಎಂದರೆ ಆಯಿಲ್ ಹರಿಯಲು ಎದುರಾಗುವ ತಡೆ. ಹರಿವಿನ ಅಳತೆ ಅದಲ್ಲ. ಒತ್ತಡ ಮಿತಿ ಮೀರಿದಾಗ ರಿಲೀಫ್ ವಾಲ್ವ್ ತೆರೆದು, ಬೇರಿಂಗಿಗೆ ಹೋಗಬೇಕಾದ ಆಯಿಲ್‌ನಲ್ಲಿ ಒಂದು ಪಾಲು ವಾಪಸು ಹೋಗುತ್ತದೆ. ಈ ಎಂಜಿನ್‌ನ ವಾಲ್ವ್ ಟೈಮಿಂಗ್ ಹೊಂದಿಸುವುದೂ ಆಯಿಲ್ ಒತ್ತಡವೇ ಆದ್ದರಿಂದ, ಬಿಸಿಯಾಗುವ ತನಕ ಆಕ್ಸಿಲರೇಟರಿಗೆ ಉತ್ತರ ಮಂಕಾಗಿತ್ತು. ಪೆಟ್ರೋಲೂ ಜಾಸ್ತಿ ಕುಡಿಯಿತು. ಆ ಆಯಿಲ್‌ನ ಅವಧಿ ಮುಗಿಯುವವರೆಗೂ ಕಾಯದೆ ಇಳಿಸಿಬಿಟ್ಟೆ.

ಮಧ್ಯದ 5ಡಬ್ಲ್ಯೂ-30, 5ಡಬ್ಲ್ಯೂ-40 ಎಂಬ ಎರಡು ಗ್ರೇಡ್‌ಗಳ ನಡುವೆಯೇ ನಿಜವಾದ ಪೈಪೋಟಿ, ಮತ್ತು ಇಲ್ಲಿ ಡಬ್ಬದ ಮುಂಭಾಗ ಓದಿದರೆ ಸಾಲದು. ಕೊನೆಯ ಅಂಕೆ, ಅಂದರೆ 30 ಅಥವಾ 40, ಮುಖ್ಯವಾಗಿ ನಿಗದಿಪಡಿಸುವುದು 100 ಡಿಗ್ರಿಯಲ್ಲಿ ಆಯಿಲ್ ಸುಮ್ಮನೆ ಹರಿಯುವಾಗಿನ ಸ್ನಿಗ್ಧತೆಯನ್ನು, ಅಂದರೆ ಮಂದತನವನ್ನು. ಬೇರಿಂಗಿನೊಳಗೆ ಆಯಿಲ್ ಸುಮ್ಮನೆ ಹರಿಯುವುದಿಲ್ಲ, ಅರೆಯಲ್ಪಡುತ್ತದೆ. ಆ ಸ್ಥಿತಿಯನ್ನು ಅನುಕರಿಸಿ 150 ಡಿಗ್ರಿಯಲ್ಲಿ ಅಳೆಯುವ ಸಂಖ್ಯೆಗೆ ಎಚ್‌ಟಿಎಚ್‌ಎಸ್ ಎನ್ನುತ್ತಾರೆ. ಎಸ್‌ಎಇ (ವಾಹನ ಎಂಜಿನಿಯರರ ಸಂಸ್ಥೆ) ನಿಯಮದ ಪ್ರಕಾರ 20ರ ಗ್ರೇಡಿಗೆ ಇದು ಕನಿಷ್ಠ 2.6 ಸೆಂಟಿಪಾಯ್ಸ್, 30ಕ್ಕೆ 2.9, 5ಡಬ್ಲ್ಯೂ-40ಕ್ಕೆ 3.5, 60ಕ್ಕೆ 3.7. ಈಗ ತಮಾಷೆ ನೋಡಿ: ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎಯ ಎ3/ಬಿ4 ಅಥವಾ ಸಿ3 ದರ್ಜೆ ಪಡೆದ 5ಡಬ್ಲ್ಯೂ-30ಗೂ ಕನಿಷ್ಠ 3.5 ಇರಲೇಬೇಕು. ಎ5/ಬಿ5 ದರ್ಜೆಯದಕ್ಕೆ 2.9 ಸಾಕು. ಎರಡು ಡಬ್ಬಗಳ ಮೇಲೂ ಒಂದೇ ದೊಡ್ಡ ಅಕ್ಷರಗಳು, ಒಳಗಿರುವುದು ಬೇರೆ ಬೇರೆ ಸರಕು.

ನಾನು ಹಾಕಿ ನೋಡಿದ್ದು ಎ3/ಬಿ4 ದರ್ಜೆಯ 5ಡಬ್ಲ್ಯೂ-30. ಟ್ರ್ಯಾಕ್‌ನಲ್ಲಿ ಆಯಿಲ್ ಬಿಸಿ ಮೊದಲಿನಷ್ಟೇ ಏರಿತು (ಗ್ರೇಡ್ ಬದಲಿಸಿದರೆ ಉಷ್ಣತೆ ಇಳಿಯುತ್ತದೆ ಎಂದುಕೊಂಡವರು ಕೂಲರ್ ಹಾಕಿಸಿಕೊಳ್ಳುವುದು ಲೇಸು), ಆದರೆ ಒತ್ತಡ ಕುಸಿಯಲಿಲ್ಲ. ಮುಳ್ಳು ಸುತ್ತಿನಿಂದ ಸುತ್ತಿಗೆ ಹೆಚ್ಚುಕಮ್ಮಿ ಒಂದೇ ಕಡೆ ನಿಂತಿತ್ತು. ತಣ್ಣನೆ ಸ್ಟಾರ್ಟ್‌ನಲ್ಲಿ 0ಡಬ್ಲ್ಯೂ-20ಗಿಂತ ಒಂದು ಕೂದಲೆಳೆ ನಿಧಾನ, ಅಷ್ಟೇ.

5ಡಬ್ಲ್ಯೂ-40 ಶುರುವಿನಲ್ಲಿ ಇದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ಸೋತದ್ದು ಕೊನೆಯಲ್ಲಿ. ಇಳಿಸಿದ ಆಯಿಲ್‌ನ ಸ್ಯಾಂಪಲ್ಲನ್ನು ಲ್ಯಾಬಿಗೆ ಕಳಿಸಿದಾಗ 100 ಡಿಗ್ರಿಯ ಸ್ನಿಗ್ಧತೆ 14 ಸೆಂಟಿಸ್ಟೋಕ್ಸ್‌ನಿಂದ (ಸುಮ್ಮನೆ ಹರಿಯುವಾಗಿನ ಸ್ನಿಗ್ಧತೆಯ ಮಾನ) 12ಕ್ಕೆ ಇಳಿದಿತ್ತು. 40ರ ಗ್ರೇಡ್ ಆರಂಭವಾಗುವುದೇ 12.5ರಿಂದ, ಅಂದರೆ ಆ ಹೊತ್ತಿಗೆ ಎಂಜಿನ್‌ನಲ್ಲಿದ್ದದ್ದು 30ರ ಆಯಿಲ್. ಎರಡು ಕಾರಣ ಇರಬಹುದು. ಎರಡು ಅಂಕೆಗಳ ನಡುವಿನ ಅಂತರ ಹೆಚ್ಚಾದಂತೆ ಸಾಮಾನ್ಯವಾಗಿ, ಬಿಸಿಯಲ್ಲಿ ಆಯಿಲ್ ತೀರಾ ತೆಳುವಾಗದಂತೆ ಬೆರೆಸುವ ಪಾಲಿಮರ್ ಹೆಚ್ಚು ಬೇಕಾಗುತ್ತದೆ, ಅವು ಅರೆದು ಅರೆದು ತುಂಡಾಗುತ್ತವೆ. ಜೊತೆಗೆ ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಇಂಥ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಚಿಕ್ಕ ಚಿಕ್ಕ ಓಡಾಟ ಮಾಡಿದರೆ ಪೆಟ್ರೋಲ್ ಸ್ವಲ್ಪ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ವಾಸನೆ ಬರುತ್ತದೆ. ಒಳ್ಳೆಯ ಬೇಸ್ ಆಯಿಲ್‌ನ 5ಡಬ್ಲ್ಯೂ-40 ಇದಕ್ಕಿಂತ ಚೆನ್ನಾಗಿ ತಡೆದೀತು, ಅದನ್ನು ಒಪ್ಪುತ್ತೇನೆ. ಪೂರ್ತಿ ಟ್ರ್ಯಾಕ್‌ಗೇ ಮೀಸಲಾದ ಕಾರಾಗಿದ್ದರೆ ಅದನ್ನೇ ಹಾಕಿ ಬೇಗ ಬೇಗ ಬದಲಿಸುತ್ತಿದ್ದೆ.

ನಿಮ್ಮದು ಟರ್ಬೊ ಎಂಜಿನ್ ಆದರೆ ಗ್ರೇಡಿನ ಜೊತೆಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಕೊಡುವ ಎಪಿಐ ಎಸ್‌ಪಿ ಗುರುತನ್ನೂ ನೋಡಿ. 2020ರಲ್ಲಿ ಬಂದ ಈ ದರ್ಜೆಯಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಮಿಶ್ರಣ ಸಮಯಕ್ಕೆ ಮೊದಲೇ ಹೊತ್ತಿಕೊಳ್ಳುವುದು ಮತ್ತು ಟೈಮಿಂಗ್ ಚೈನ್ ಸವೆತ, ಎರಡಕ್ಕೂ ಪರೀಕ್ಷೆ ಇದೆ. ವಾರಂಟಿ ಇರುವ ಕಾರಿಗೆ ಕೈಪಿಡಿಯಲ್ಲಿಲ್ಲದ ಗ್ರೇಡ್ ಹಾಕುವ ಸಾಹಸ ಬೇಡ.

ಇನ್ನು ಇಳಿಸುವ ವಿಧಾನ. ಡಿಪ್‌ಸ್ಟಿಕ್ ಕೊಳವೆಯಿಂದ ಪಂಪ್ ಹಾಕಿ ಮೇಲಿನಿಂದಲೇ ಹೀರುವುದು ಒಂದು, ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚುವುದು ಇನ್ನೊಂದು. ನೆಲಕ್ಕಂಟಿದಂತಿರುವ ಕಾರಿಗೆ ಮೊದಲನೆಯದು ಬಹಳ ಆಸೆ ಹುಟ್ಟಿಸುತ್ತದೆ: ಜಾಕ್ ಬೇಡ, ಬಂಪರ್ ತಾಗದಂತೆ ರ್ಯಾಂಪಿನ ಮುಂದೆ ಹಲಗೆ ಇಡುವ ರಗಳೆ ಬೇಡ. ಈ ಎಂಜಿನ್‌ನಲ್ಲಿ ಫಿಲ್ಟರ್ ಕೂಡ ಮೇಲೆಯೇ ಇದೆ. ಪಂಪ್ ಗಾಳಿ ಎಳೆಯತೊಡಗಿದ ಮೇಲೆ, ನೋಡೋಣವೆಂದು ಕೆಳಗಿನ ಬೋಲ್ಟನ್ನೂ ಬಿಚ್ಚಿದೆ. ಕಪ್ಪನೆಯ ಆಯಿಲ್ ಬೆರಳು ಗಾತ್ರದಲ್ಲಿ ಸುರಿದು, ದಾರವಾಗಿ, ಆಮೇಲೆ ಹನಿಯಾಯಿತು. ಕಾಲು ಲೀಟರಿಗೆ ಕಮ್ಮಿಯಿರಲಿಲ್ಲ. ತಳದ ಮಡ್ಡಿ ಇರುವುದೂ ಅದರಲ್ಲೇ. ಬೋಲ್ಟ್ ಬಿಚ್ಚಿದರೆ ಇನ್ನೊಂದು ಲಾಭ: ನನ್ನದು ಅಯಸ್ಕಾಂತವಿರುವ ಬೋಲ್ಟ್, ಅದರ ತುದಿಗೆ ಅಂಟಿದ ಬೂದು ಬಣ್ಣದ ನುಣುಪು ಲೇಪವನ್ನು ಬೆರಳಲ್ಲಿ ಉಜ್ಜಿ ನೋಡಬಹುದು. ನುಣುಪಾಗಿದ್ದರೆ ಮಾಮೂಲಿ ಸವೆತ. ಚುಚ್ಚುವ ಚೂರು ಸಿಕ್ಕರೆ ಯೋಚಿಸಬೇಕು. ಪಂಪ್ ಈ ಸುದ್ದಿ ಕೊಡುವುದಿಲ್ಲ. ಹಾಗಾಗಿ ನನ್ನ ಓಟು ಬೋಲ್ಟಿಗೆ. ಆಯಿಲ್ ಕುದಿಯುವಷ್ಟು ಅಲ್ಲ, ಕೈ ಸುಡದಷ್ಟು ಬೆಚ್ಚಗಿರುವಾಗ ಬಿಚ್ಚಿ. ವಾಷರ್ ಪ್ರತಿ ಸಲ ಹೊಸದು ಹಾಕಿ.

ಫಿಲ್ಟರ್ ವಿಷಯದಲ್ಲಿ ಹೋಲಿಕೆ ಚಿಕ್ಕದು. ಕಂಪನಿಯದು ಮತ್ತು ಹೆಸರಿಲ್ಲದ ಅಗ್ಗದ್ದು ಎರಡನ್ನೂ ಬಳಸಿದ ಮೇಲೆ ಕೊಯ್ದು ನೋಡಿದೆ. ಅಗ್ಗದ್ದರಲ್ಲಿ ಕಾಗದದ ಮಡಿಕೆ ಕಡಿಮೆ, ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ಆಗಲೇ ಪೆಡಸಾಗಿತ್ತು. ಅಷ್ಟು ಉಳಿಸಿ ಆಗಬೇಕಾದದ್ದೇನೂ ಇಲ್ಲ. ಹಳೇ ಫಿಲ್ಟರ್ ಬಿಚ್ಚಿದಾಗ ಸುತ್ತಲಿನ ಬಟ್ಟಲಿನಂಥ ಅಂಚಿನಲ್ಲಿ ಆಯಿಲ್ ನಿಲ್ಲುತ್ತದೆ, ಬಟ್ಟೆಯಿಂದ ಹೀರಿ ತೆಗೆಯಿರಿ. ಹಳೆಯ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿ ಉಳಿದಿಲ್ಲ ಎಂದು ಕಣ್ಣಾರೆ ನೋಡಿ. ಅದರ ಮೇಲೆ ಹೊಸದು ಕೂತರೆ ಆಯಿಲ್ ಹೊರಗೆ ಬರುವುದು ಖಂಡಿತ.

ಫಿಲ್ಟರ್ ಸಹಿತ ಇದಕ್ಕೆ ಹಿಡಿಯುವುದು 5.4 ಲೀಟರ್. ನಾನು ಮೊದಲು 5 ಮಾತ್ರ ಸುರಿದು, ಎಂಜಿನ್ ಒಂದೆರಡು ನಿಮಿಷ ಓಡಿಸಿ, ಆರಿಸಿ, ಆಯಿಲ್ ತಳಕ್ಕೆ ಇಳಿದ ಮೇಲೆ ಡಿಪ್‌ಸ್ಟಿಕ್ ನೋಡಿ ಉಳಿದದ್ದನ್ನು ಚೂರು ಚೂರೇ ಸೇರಿಸುತ್ತೇನೆ. ಟ್ರ್ಯಾಕ್‌ಗೆ ಹೊರಡುವ ದಿನ ಮಟ್ಟ ಮೇಲಿನ ಗೆರೆಗೆ ಸರಿಯಾಗಿ ಇರುತ್ತದೆ, ಅದರ ಮೇಲೆ ಒಂದು ಚಮಚವೂ ಹೋಗುವುದಿಲ್ಲ.